ಗಿಡ್ಡ ತುಂಡುಗಳ ಲೆಕ್ಕ: ಸಣ್ಣ ಪಿಎಲ್‌ಸಿ ಮತ್ತು ಸ್ಟೆಪ್ಪರ್ ಮೋಟಾರಿನ ಒಂದು ಪ್ರಕರಣ ಅಧ್ಯಯನ

ಯಂತ್ರ ದೊಡ್ಡದೇನಲ್ಲ, ಟೇಬಲ್ ಮೇಲೆ ಕೂರುವಷ್ಟು. ವೈರ್ ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಮಾಡುವ ಘಟಕಕ್ಕೆ ಬೇಕಾದ ಪಿವಿಸಿ ಸ್ಲೀವನ್ನು, ಅಂದರೆ ವೈರಿಗೆ ತೊಡಿಸುವ ಕೊಳವೆಯನ್ನು, 15 ಮಿ.ಮೀ.ನಿಂದ 300 ಮಿ.ಮೀ.ವರೆಗೆ ಹೇಳಿದ ಉದ್ದಕ್ಕೆ ತುಂಡು ಮಾಡುವುದು ಅದರ ಕೆಲಸ. ಎರಡು ರೋಲರ್‌ಗಳ ನಡುವೆ ಒತ್ತಿ ಹಿಡಿದ ಸ್ಲೀವ್ ಮುಂದೆ ಸರಿಯುತ್ತದೆ, ಏರ್ ಸಿಲಿಂಡರಿಗೆ ಕಟ್ಟಿದ ಬ್ಲೇಡ್ ಇಳಿದು ಕತ್ತರಿಸುತ್ತದೆ, ಬ್ಲೇಡ್ ಮೇಲೆದ್ದ ಮೇಲೆ ಮತ್ತೆ ಸ್ಲೀವ್ ಸರಿಯುತ್ತದೆ. ಪೀಣ್ಯದಂಥ ಕಡೆ ಸಣ್ಣ ಘಟಕಗಳು ಇಂಥ ಯಂತ್ರವನ್ನು ಸಿಕ್ಕುವ ಬಿಡಿಭಾಗಗಳಿಂದ ತಾವೇ ಕಟ್ಟಿಕೊಳ್ಳುವುದುಂಟು. ಇದೂ ಹಾಗೆ ಕಟ್ಟಿದ್ದೇ.

ಫೀಡ್ ರೋಲರಿಗೆ 57 ಮಿ.ಮೀ. ಮುಖದ, ಅಂದರೆ ನೆಮಾ 23 ಗಾತ್ರದ ಸ್ಟೆಪ್ಪರ್, ಪ್ರತಿ ವಿದ್ಯುತ್ ಪಲ್ಸ್‌ಗೂ ಒಂದೊಂದು ಸಣ್ಣ ಹೆಜ್ಜೆ ತಿರುಗುವ ಮೋಟಾರ್. 1.8 ಡಿಗ್ರಿಯ ಸ್ಟೆಪ್, ಫೇಸ್‌ಗೆ 2.8 ಆಂಪ್, ಹೋಲ್ಡಿಂಗ್ ಟಾರ್ಕ್, ಅಂದರೆ ನಿಂತಾಗ ಹಿಡಿದುಕೊಳ್ಳುವ ತಿರುಚು ಬಲ, 1.9 ನ್ಯೂಟನ್ ಮೀಟರ್. ಪಲ್ಸ್‌ಗೆ ತಕ್ಕಂತೆ ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಡಿಎಂ542 ಬಗೆಯದು, ಅದಕ್ಕೆ 36 ವೋಲ್ಟ್‌ನ ಪವರ್ ಸಪ್ಲೈ (ಎಸ್‌ಎಂಪಿಎಸ್). ಒಂದು ಸ್ಟೆಪ್ಪನ್ನು ಇನ್ನೂ ಸಣ್ಣದಾಗಿ ಒಡೆಯುವ ಮೈಕ್ರೋಸ್ಟೆಪ್ ಸ್ವಿಚ್‌ಗಳು ಒಂದು ಸುತ್ತಿಗೆ 1600 ಪಲ್ಸ್‌ಗೆ ಇದ್ದವು. ನಿಯಂತ್ರಣಕ್ಕೆ ಡೆಲ್ಟಾ ಡಿವಿಪಿ-ಎಸ್‌ಎಸ್2 ಸಾಲಿನ 14 ಪಾಯಿಂಟ್ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್: 8 ಇನ್‌ಪುಟ್ (ಎಕ್ಸ್), 6 ಎನ್‌ಪಿಎನ್ ಟ್ರಾನ್ಸಿಸ್ಟರ್ ಔಟ್‌ಪುಟ್ (ವೈ), ಪಲ್ಸ್ ಔಟ್‌ಪುಟ್ 10 ಕಿಲೋಹರ್ಟ್ಸ್‌ವರೆಗೆ. (ಇದೇ ಪಿಎಲ್‌ಸಿ ರಿಲೇ ಔಟ್‌ಪುಟ್‌ನಲ್ಲೂ ಸಿಗುತ್ತದೆ. ಮಾಡೆಲ್ ಸಂಖ್ಯೆಯ ಕೊನೆಯಲ್ಲಿ ಟಿ ಇದ್ದರೆ ಟ್ರಾನ್ಸಿಸ್ಟರ್, ಆರ್ ಇದ್ದರೆ ರಿಲೇ. ರಿಲೇಯಿಂದ ಸೆಕೆಂಡಿಗೆ ಸಾವಿರಾರು ಪಲ್ಸ್ ಬರುವ ಮಾತೇ ಇಲ್ಲ. ಖರೀದಿಯಲ್ಲೇ ಎಡವುವ ಜಾಗ ಇದು.)

ರೋಲರಿನ ವ್ಯಾಸ 40 ಮಿ.ಮೀ. ಸುತ್ತಳತೆ 125.66 ಮಿ.ಮೀ. ಆದ್ದರಿಂದ ಒಂದು ಪಲ್ಸ್‌ಗೆ 0.0785 ಮಿ.ಮೀ. 45 ಮಿ.ಮೀ. ತುಂಡಿಗೆ 573 ಪಲ್ಸ್. ವೇಗ ಸೆಕೆಂಡಿಗೆ 300 ಮಿ.ಮೀ. ಬೇಕೆಂದರೆ 3820 ಹರ್ಟ್ಸ್. ಪಿಎಲ್‌ಸಿಯ ಮಿತಿಯೊಳಗೇ ಇದೆ, ಕಾಗದದ ಮೇಲೆ ಎಲ್ಲವೂ ಸರಿ.

ದೂರು ಇಷ್ಟು: 45 ಮಿ.ಮೀ. ಕೊಟ್ಟರೆ ಬಹುಪಾಲು ತುಂಡುಗಳು 44.2ರಿಂದ 44.7ರ ನಡುವೆ ಬರುತ್ತವೆ. ಮಧ್ಯೆ ಮಧ್ಯೆ ಒಂದೊಂದು 42 ಮಿ.ಮೀ. ಆಸುಪಾಸಿನದು. ಅಪರೂಪಕ್ಕೆ 35ರದ್ದೂ ಬಿದ್ದಿರುತ್ತದೆ. ಹೊಸ ಸುರುಳಿ ಏರಿಸಿದಾಗ ಕಾಟ ಜಾಸ್ತಿ, ಸುರುಳಿ ಮುಗಿಯುತ್ತ ಬಂದಂತೆ ಕಡಿಮೆ. ಗ್ರಾಹಕರು ಒಪ್ಪುವ ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಆಪರೇಟರ್‌ಗಳು ಮಾಡಿಕೊಂಡಿದ್ದ ಉಪಾಯ ಎಲ್ಲ ಕಡೆ ಕಾಣುವಂಥದ್ದೇ: 45ರ ಬದಲು 45.5 ಎಂದು ಕೊಡುವುದು. ಅದರಿಂದ ಮೊದಲ ಗುಂಪು ಒಪ್ಪುವ ಮಟ್ಟಕ್ಕೆ ಬಂದರೂ 42ರ ತುಂಡುಗಳು 42.5 ಆದವು, ಅಷ್ಟೇ. ಮುಂದಿನ ಸಲಹೆ ಸರ್ವೋ, ಅಂದರೆ ತಾನೆಲ್ಲಿದ್ದೇನೆಂದು ತಾನೇ ನೋಡಿಕೊಂಡು ಸರಿಪಡಿಸಿಕೊಳ್ಳುವ ಮೋಟಾರ್, ಹಾಕಿ ಎಂಬುದು.

ತಪ್ಪಿನ ಅಳತೆಯೇ ಸುಳಿವು

ಉದ್ದ ಕಡಿಮೆಯಾಗಲು ನಾಲ್ಕು ಜಾಗಗಳಿವೆ. ಪಿಎಲ್‌ಸಿ ಪಲ್ಸನ್ನೇ ಕಳಿಸದಿರಬಹುದು. ಕಳಿಸಿದ ಪಲ್ಸ್ ಡ್ರೈವರಿಗೆ ಕಾಣದಿರಬಹುದು. ಡ್ರೈವರ್ ತಿರುಗಿಸಿದರೂ ಮೋಟಾರ್ ಹಿಂದೆ ಬೀಳಬಹುದು. ಮೋಟಾರ್ ಸರಿಯಾಗಿ ತಿರುಗಿದರೂ ರೋಲರಿನ ಕೆಳಗೆ ಸ್ಲೀವ್ ಜಾರಬಹುದು. ನಾಲ್ಕಕ್ಕೂ ಫಲ ಒಂದೇ, ಗಿಡ್ಡ ತುಂಡು. ಆದರೆ ಎಷ್ಟು ಗಿಡ್ಡ ಎಂಬುದರಲ್ಲಿ ಅವು ಬೇರೆ ಬೇರೆ. ಪ್ರೋಗ್ರಾಂ ಮುಟ್ಟುವ ಮೊದಲು ಕ್ಯಾಲಿಪರ್ ಹಿಡಿದು ಕೂರಬೇಕಾದದ್ದು ಇದಕ್ಕೇ.

ಇಂಥ ಹೈಬ್ರಿಡ್ ಬಗೆಯ ಸ್ಟೆಪ್ಪರಿನ ರೋಟರಿಗೆ, ಅಂದರೆ ತಿರುಗುವ ಭಾಗಕ್ಕೆ, 50 ಹಲ್ಲು. ಒಂದು ಹಲ್ಲಿನ ಅಂತರ 7.2 ಡಿಗ್ರಿ, ಅಂದರೆ ನಾಲ್ಕು ಪೂರ್ಣ ಸ್ಟೆಪ್. ಭಾರ ತಾಳದೆ ರೋಟರ್ ಕೈಬಿಟ್ಟರೆ ಅದು ಮತ್ತೆ ಹಿಡಿತ ಸಿಕ್ಕು ಕೂರುವುದು ಇನ್ನೊಂದು ಹಲ್ಲಿನ ಮೇಲೆಯೇ, ನಡುವೆ ಎಲ್ಲೋ ಅಲ್ಲ. ಹಾಗಾಗಿ ಮೋಟಾರ್ ಸ್ಟೆಪ್ ತಪ್ಪಿಸಿಕೊಂಡರೆ ಕಳೆಯುವುದು 7.2 ಡಿಗ್ರಿ, ಇಲ್ಲವೇ ಅದರ ಎರಡರಷ್ಟು, ಮೂರರಷ್ಟು. 40 ಮಿ.ಮೀ. ರೋಲರಿನಲ್ಲಿ ಅದು 2.51 ಮಿ.ಮೀ., 5.03 ಮಿ.ಮೀ. ಹೀಗೆ. ಡ್ರೈವರಿನ ಇನ್‌ಪುಟ್‌ನಲ್ಲಿ ಪಲ್ಸ್ ಕಳೆದರೆ ಹಾಗಲ್ಲ: ಒಂದು ಪಲ್ಸ್‌ಗೆ 0.225 ಡಿಗ್ರಿ, 0.08 ಮಿ.ಮೀ., ಎಷ್ಟು ಬೇಕಾದರೂ ಕಳೆಯಬಹುದು. ಸ್ಲೀವ್ ಜಾರಿದರೆ ಲೆಕ್ಕಕ್ಕೆ ಸಿಗದ, ಸುರುಳಿಯ ತೂಕದೊಂದಿಗೆ ಏರಿಳಿಯುವ ಅಂಕಿಗಳು. ಎಲ್ಲ ತುಂಡೂ ಒಂದೇ ಪ್ರಮಾಣದಲ್ಲಿ ಗಿಡ್ಡವಾದರೆ ಅದು ನಷ್ಟವೇ ಅಲ್ಲ, ರೋಲರಿನ ವ್ಯಾಸ ತಪ್ಪು ಹಿಡಿದದ್ದು.

ಈ ಕಣ್ಣಿನಿಂದ ನೋಡಿದರೆ 42ರ ತುಂಡುಗಳು ಪಕ್ಕದವಕ್ಕಿಂತ ಎರಡೂವರೆ ಮಿಲಿಮೀಟರ್ ಗಿಡ್ಡ. ಅದು ಮೋಟಾರಿನ ಸಹಿ. 44.2ರಿಂದ 44.7ರ ಹರಡು ಬೇರೆ ಕಾರಣದ್ದು. 35ರದ್ದು ಮತ್ತೂ ಬೇರೆ. ಒಂದೇ ದೂರಿನೊಳಗೆ ಹಲವು ದೋಷ ಸೇರಿಕೊಂಡಿದ್ದವು. ಒಂದನ್ನು ಸರಿಪಡಿಸಿ ನೋಡಿದವರು "ಇದರಿಂದ ಉಪಯೋಗವಿಲ್ಲ" ಎಂದು ಮತ್ತೆ ಹಳೆಯದಕ್ಕೇ ಮರಳಿದ್ದರೆ ಆಶ್ಚರ್ಯವಿಲ್ಲ.

ಮೂರು ಪರೀಕ್ಷೆ

ರೋಲರಿನ ತುದಿಗೆ 50 ಸಮಭಾಗಗಳ ಗೆರೆ ಎಳೆದ ಕಾಗದದ ಬಿಲ್ಲೆ ಅಂಟಿಸಿ, ಚೌಕಟ್ಟಿಗೆ ಒಂದು ತಂತಿಯ ಮುಳ್ಳು ಕಟ್ಟಿದರೆ ಪರೀಕ್ಷೆಯ ಸಾಧನ ಸಿದ್ಧ. ಒಂದೊಂದು ಭಾಗವೂ 7.2 ಡಿಗ್ರಿ.

ಮೊದಲನೆಯದು: ಸ್ಲೀವ್ ತೆಗೆದು, 400 ಹರ್ಟ್ಸ್‌ನಲ್ಲಿ 16000 ಪಲ್ಸ್. 40 ಸೆಕೆಂಡಿನಲ್ಲಿ ಸರಿಯಾಗಿ ಹತ್ತು ಸುತ್ತು. ಮುಳ್ಳು ಹೊರಟ ಗೆರೆಗೇ ಬಂತು. ಎರಡನೆಯದು: ಅದನ್ನೇ 3820 ಹರ್ಟ್ಸ್‌ನಲ್ಲಿ, ಪ್ಯಾನೆಲ್ ಮುಚ್ಚಿ ಒಳಗೆ ಬಿಸಿಯೇರಿದ ಮೇಲೆ. ಈಗ ಮುಳ್ಳು ಒಂದು ಭಾಗಕ್ಕೂ ಕಡಿಮೆ, 5ರಿಂದ 6 ಡಿಗ್ರಿಯಷ್ಟು ಹಿಂದೆ. ಪಿಎಲ್‌ಸಿಯ ಡಿ1030 ರಿಜಿಸ್ಟರ್, ಅಂದರೆ ವೈ0ಯಿಂದ ಹೊರಟ ಪಲ್ಸ್‌ಗಳ ಲೆಕ್ಕ, ಎರಡೂ ಸಲ 16000 ಎಂದೇ ತೋರಿಸಿತು. ಹೋದದ್ದು ಸುಮಾರು 25 ಪಲ್ಸ್, ಹೋದದ್ದು ಪಿಎಲ್‌ಸಿ ಮತ್ತು ಡ್ರೈವರಿನ ನಡುವೆ. ಮೂರನೆಯದು: ತುಂಬಿದ ಸುರುಳಿಯಿಂದ ಸ್ಲೀವ್ ಹಾಕಿ, ಹಳೆಯ ಪ್ರೋಗ್ರಾಮಿನಲ್ಲೇ 640 ಪಲ್ಸ್‌ನ ಫೀಡ್ 25 ಸಲ. ಒಟ್ಟು ಅದೇ 16000, ಆದರೆ 25 ಸಲ ನಿಂತು ಹೊರಡಬೇಕು. ಈ ಬಾರಿ ಮುಳ್ಳು ಮೂರು ಪೂರ್ತಿ ಭಾಗ ಹಿಂದೆ, ಅದರ ಮೇಲೆ ಹಿಂದಿನ ಚಿಲ್ಲರೆ. ಮೋಟಾರ್ ಮೂರು ಬಾರಿ ಹಲ್ಲು ಜಾರಿತ್ತು.

ಹೊರಡುವಾಗಿನ ಜಗ್ಗಾಟ

ಪ್ರೋಗ್ರಾಮಿನಲ್ಲಿದ್ದದ್ದು ಪಿಎಲ್‌ಎಸ್‌ವೈ ಸೂಚನೆ. ಅದಕ್ಕೆ ಆವರ್ತನ ಮತ್ತು ಪಲ್ಸ್ ಎಣಿಕೆ ಕೊಟ್ಟರೆ ಮೊದಲ ಪಲ್ಸ್‌ನಿಂದಲೇ ಅದೇ ಆವರ್ತನ. ನಿಂತಿದ್ದ ರೋಲರ್ 3820 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 477 ಪೂರ್ಣ ಸ್ಟೆಪ್‌ಗೆ, ಒಮ್ಮೆಲೇ ಹಾರಬೇಕು. ಬರಿ ರೋಲರನ್ನು ಈ ಮೋಟಾರ್ ಹಾಗೆ ಎತ್ತಿಕೊಳ್ಳುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಹಲ್ಲು ಜಾರದಿದ್ದದ್ದು ಅದಕ್ಕೇ. ಸುರುಳಿ ಸೇರಿದಾಗ ಲೆಕ್ಕ ಬೇರೆ.

ಅಂಕಿಗಳನ್ನು ಹಾಕಿಯೇ ನೋಡೋಣ. ರೋಟರ್ ಮತ್ತು 50 ಮಿ.ಮೀ. ಅಗಲದ, ರಬ್ಬರ್ ಹೊದಿಸಿದ ಎರಡು ಉಕ್ಕಿನ ರೋಲರ್ ಸೇರಿ ಜಡತ್ವ ಸುಮಾರು 0.00025 ಕೆ.ಜಿ. ಮೀಟರ್ ವರ್ಗ. ತುಂಬಿದ ಸುರುಳಿ 6 ಕೆ.ಜಿ., ಹೊರ ತ್ರಿಜ್ಯ 150 ಮಿ.ಮೀ., ಒಳಗಿನದು 60. ಅದರ ಸ್ವಂತ ಜಡತ್ವ 0.078. ಸ್ಲೀವ್ ಬಿಗಿಯಾಗಿ ಎಳೆಯುತ್ತಿದ್ದರೆ ಅದು ರೋಲರಿಗೆ ಕಾಣುವುದು 20ಕ್ಕೆ 150ರ ಅನುಪಾತದ ವರ್ಗದಲ್ಲಿ, ಅಂದರೆ 0.0014. ಚಿಕ್ಕ ಅಂಕಿ ಎನಿಸಬಹುದು, ಆದರೆ ಅದು ರೋಲರ್, ರೋಟರ್ ಎಲ್ಲ ಸೇರಿದ್ದರ ಐದೂವರೆ ಪಟ್ಟು. ಪಿಎಲ್‌ಎಸ್‌ವೈ ಹೇಳಿದಂತೆ ಎರಡು ಸ್ಟೆಪ್‌ನೊಳಗೆ ಸೆಕೆಂಡಿಗೆ 15 ರೇಡಿಯನ್ ವೇಗ ಮುಟ್ಟಬೇಕಾದರೆ ವೇಗವರ್ಧನೆ ಪ್ರತಿ ಸೆಕೆಂಡ್ ವರ್ಗಕ್ಕೆ ಸುಮಾರು 1800 ರೇಡಿಯನ್. ಸುರುಳಿ ಸಮೇತ ಅದಕ್ಕೆ ಬೇಕಾದ ಟಾರ್ಕ್ 2.9 ನ್ಯೂಟನ್ ಮೀಟರ್. ಮೋಟಾರಿನ ಹೋಲ್ಡಿಂಗ್ ಟಾರ್ಕೇ 1.9. ಸ್ಲೀವ್ ಸ್ವಲ್ಪ ಹಿಗ್ಗುವುದರಿಂದ, ಅಲ್ಲಲ್ಲಿ ಸಡಿಲ ಇರುವುದರಿಂದ ಬಹುತೇಕ ಸಲ ಪಾರಾಗುತ್ತಿತ್ತು. ಸುರುಳಿ ಬಿಗಿಯಾಗಿ ಕೂತ ಸಲ ಹಲ್ಲು ಜಾರುತ್ತಿತ್ತು. ಸುರುಳಿ ಕರಗಿದಂತೆ ಕಾಟ ಕಡಿಮೆಯಾಗುತ್ತಿದ್ದ ಗುಟ್ಟೂ ಇದೇ.

ಅದರ ಜೊತೆಗೆ ಡ್ರೈವರಿನ ಕರೆಂಟ್ ಸ್ವಿಚ್. ಮೋಟಾರಿನ ಮೇಲೆ 2.8 ಆಂಪ್ ಎಂದಿದೆ, ಡ್ರೈವರಿನ ಪಟ್ಟಿಯಲ್ಲಿ 2.84 ಎಂಬ ಸಾಲಿದೆ, ಅಲ್ಲಿಗೇ ಇಟ್ಟಿದ್ದರು. ಆದರೆ ಆ ಪಟ್ಟಿಯಲ್ಲಿ ಎರಡು ಅಂಕಣ: ಪೀಕ್, ಅಂದರೆ ಕರೆಂಟಿನ ತುತ್ತತುದಿ, ಮತ್ತು ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ. ಪೀಕ್ 2.84 ಎಂದರೆ ಆರ್‌ಎಂಎಸ್ 2.03 ಮಾತ್ರ. ಮೋಟಾರಿನ ಫಲಕದ ಅಂಕಿ ಸಾಮಾನ್ಯವಾಗಿ ಆರ್‌ಎಂಎಸ್ ಅಂಕಣಕ್ಕೆ ಹೊಂದಬೇಕಾದದ್ದು. ಹೀಗಾಗಿ ಮೋಟಾರಿಗೆ ಸಿಗುತ್ತಿದ್ದದ್ದು ಅದರ ಬಲದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ಪೀಕ್ 3.76, ಆರ್‌ಎಂಎಸ್ 2.69 ಇರುವ ಸಾಲಿಗೆ ಬದಲಾಯಿಸಲಾಯಿತು. ಮೋಟಾರ್ ಮೊದಲಿಗಿಂತ ಬಿಸಿಯಾಗುತ್ತದೆ, ಮುಟ್ಟಿದ ಕೈ ಹಿಂದೆಗೆಯುವಷ್ಟು. ಸ್ಟೆಪ್ಪರಿಗೆ ಅದು ಸಹಜ. ನಿಂತಾಗ ಕರೆಂಟ್ ಅರ್ಧಕ್ಕಿಳಿಸುವ ಸೌಲಭ್ಯ ಚಾಲೂ ಇದ್ದರೆ ಸಾಕು. ಬಿಸಿಗೆ ಹೆದರಿ ತುಂಡು ತುಂಡಿಗೂ ಎನೇಬಲ್ ತೆಗೆದು ಮೋಟಾರಿನ ಕರೆಂಟ್ ಕಡಿಯುವುದು ಮಾತ್ರ ಬೇಡ, ಹಿಡಿತ ಬಿಟ್ಟ ರೋಟರ್ ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತದೆ.

ಪಿಎಲ್‌ಎಸ್‌ವೈ ಜಾಗಕ್ಕೆ ಡಿಡಿಆರ್‌ವಿಐ ಬಂತು, ಅಂದರೆ ವೇಗವನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಆರ್‌ವಿಐ ಸೂಚನೆಯ 32 ಬಿಟ್ ರೂಪ. ಅದಕ್ಕೆ ಪಲ್ಸ್ ಎಣಿಕೆ, ಗರಿಷ್ಠ ಆವರ್ತನ, ಪಲ್ಸ್ ಔಟ್‌ಪುಟ್ ವೈ0, ದಿಕ್ಕಿನ ಔಟ್‌ಪುಟ್ ವೈ1 ಕೊಡಬೇಕು. ಹೊರಡುವ ಆವರ್ತನ ಡಿ1340ರಲ್ಲಿ 300, ವೇಗ ಏರಿಳಿಸುವ ಸಮಯ ಡಿ1343ರಲ್ಲಿ 100 ಮಿಲಿಸೆಕೆಂಡ್. ಈಗ ವೇಗವರ್ಧನೆ 138 ರೇಡಿಯನ್‌ಗೆ ಇಳಿಯಿತು, ತುಂಬಿದ ಸುರುಳಿಗೂ ಬೇಕಾದ ಟಾರ್ಕ್ 0.23. ಕಾಲುಭಾಗಕ್ಕೂ ಕಡಿಮೆ ಬಲದಲ್ಲಿ ಕೆಲಸ ಮುಗಿಯುತ್ತದೆ.

ಬೆಲೆ ಕೊಡುವುದು ಸಮಯದಲ್ಲಿ. 45 ಮಿ.ಮೀ. ಫೀಡ್ ಮೊದಲು 150 ಮಿಲಿಸೆಕೆಂಡಿನಲ್ಲಿ ಆಗುತ್ತಿತ್ತು, ಈಗ 240. ಉತ್ಪಾದನೆ ಕುಸಿಯುತ್ತದೆಂದು ಗರಿಷ್ಠ ಆವರ್ತನವನ್ನು 6000ಕ್ಕೆ ಏರಿಸುವ ಮನಸ್ಸಾಗುತ್ತದೆ. ಅದು ಉದ್ದ ತುಂಡಿಗೆ ಮಾತ್ರ ದಕ್ಕುವ ಲಾಭ. ಇದೇ ಏರಿಕೆಯ ದರದಲ್ಲಿ 15 ಮಿ.ಮೀ. ತುಂಡು 2600 ಹರ್ಟ್ಸ್ ಮುಟ್ಟುವಷ್ಟರಲ್ಲಿ ಇಳಿಯಲು ಶುರುಮಾಡಬೇಕು, ಮೇಲಿನ ಮಿತಿ ಎಷ್ಟಿದ್ದರೂ ಅಷ್ಟೇ. ಸಮಯ ಉಳಿಸಬೇಕಾದರೆ ಬ್ಲೇಡಿನ ಕಡೆ ನೋಡುವುದು ಮೇಲು. ಅಲ್ಲಿ ಅನಗತ್ಯವಾಗಿ ಕಾಯುವ ಟೈಮರ್‌ಗಳು ಯಾವಾಗಲೂ ಸಿಗುತ್ತವೆ.

ಒಂದು ರೆಸಿಸ್ಟರ್

ನಡುದಾರಿಯಲ್ಲಿ ಕಳೆದ 25 ಪಲ್ಸ್‌ಗೆ ಕಾರಣ ಸರಳ. ಡ್ರೈವರಿನ ಪಲ್ಸ್ ಇನ್‌ಪುಟ್ 5 ವೋಲ್ಟ್‌ಗೆಂದು ಮಾಡಿದ್ದು, ಒಳಗೆ ಆಪ್ಟೋಕಪ್ಲರ್ (ಎಲ್‌ಇಡಿಯ ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಮತ್ತು ಸುಮಾರು 270 ಓಮ್. ಪಿಎಲ್‌ಸಿ 24 ವೋಲ್ಟ್‌ನದು. ನಡುವೆ ರೆಸಿಸ್ಟರ್ ಬೇಕು, ಇಲ್ಲದಿದ್ದರೆ ಆಪ್ಟೋ ಸುಡುತ್ತದೆ. ಇಲ್ಲಿ 4.7 ಕಿಲೋ ಓಮ್ ಹಾಕಿದ್ದರು. ಅದರಲ್ಲಿ ಹರಿಯುವುದು 4.6 ಮಿಲಿಆಂಪ್. ಇಂಥ ಡ್ರೈವರ್‌ಗಳು ಕೇಳುವುದು ಕನಿಷ್ಠ 7. ತಣ್ಣಗಿದ್ದಾಗ ಹೇಗೋ ನಡೆಯುತ್ತದೆ. ಬಿಸಿಯಾದಂತೆ ಆಪ್ಟೋದೊಳಗಿನ ಎಲ್‌ಇಡಿಯ ಬೆಳಕು ಕುಂದಿ, ಅಂಚಿನಲ್ಲಿದ್ದದ್ದು ಅಂಚು ದಾಟುತ್ತದೆ. 45 ಮಿ.ಮೀ. ತುಂಡಿನಲ್ಲಿ ಇದರ ನಷ್ಟ ಒಂದೇ ಪಲ್ಸ್, ಯಾರ ಕಣ್ಣಿಗೂ ಬೀಳದು. 300 ಮಿ.ಮೀ. ತುಂಡಿನಲ್ಲಿ ಅರ್ಧ ಮಿಲಿಮೀಟರ್ ಹತ್ತಿರ.

2.2 ಕಿಲೋ ಓಮ್ ಹಾಕಿದ ಮೇಲೆ 9 ಮಿಲಿಆಂಪ್. ವೈರಿಂಗ್ ಹೀಗೆ: 24 ವೋಲ್ಟ್ ನೇರವಾಗಿ ಪಲ್ಸ್ ಪ್ಲಸ್‌ಗೆ, ಪಲ್ಸ್ ಮೈನಸ್‌ನಿಂದ ರೆಸಿಸ್ಟರ್ ಮೂಲಕ ವೈ0ಗೆ, ಔಟ್‌ಪುಟ್ ಕಾಮನ್ 0 ವೋಲ್ಟ್‌ಗೆ. ದಿಕ್ಕಿಗೂ ಇಂಥದ್ದೇ ಇನ್ನೊಂದು, ವೈ1ಗೆ. ಕಾಲು ವ್ಯಾಟ್ ರೆಸಿಸ್ಟರ್ ಪಲ್ಸ್ ತಂತಿಗೆ ಸಾಕು, ಆದರೆ ದಿಕ್ಕಿನ ಔಟ್‌ಪುಟ್ ಗಂಟೆಗಟ್ಟಲೆ ಆನ್ ಇರಬಹುದು, ಆಗ 0.19 ವ್ಯಾಟ್ ಸತತವಾಗಿ ಉರಿಯುತ್ತದೆ. ಎರಡಕ್ಕೂ ಅರ್ಧ ವ್ಯಾಟ್‌ನದೇ ಹಾಕಿಬಿಡುವುದು ಸುಖ. ಟ್ರಾನ್ಸಿಸ್ಟರ್ ಔಟ್‌ಪುಟ್‌ಗಳು ತೀರಾ ಕಡಿಮೆ ಕರೆಂಟಿನಲ್ಲಿ ನಿಧಾನವಾಗಿ ಆಫ್ ಆಗುವುದುಂಟು. 3.8 ಕಿಲೋಹರ್ಟ್ಸ್‌ನಲ್ಲಿ ಇದು ಬಾಧಿಸದು. ಹತ್ತಾರು ಕಿಲೋಹರ್ಟ್ಸ್ ಓಡಿಸುವವರು 24 ವೋಲ್ಟ್ ಮತ್ತು ಔಟ್‌ಪುಟ್ ನಡುವೆ ಇನ್ನೊಂದು 2.2 ಕಿಲೋ ಓಮ್ ಸೇರಿಸಿ ಭಾರ ಹೆಚ್ಚಿಸುತ್ತಾರೆ.

ಬ್ಲೇಡಿನ ವಾಲ್ವ್ ಕಾಯಿಲ್‌ಗೆ ಡಯೋಡ್ ಇರಲಿಲ್ಲ, 1ಎನ್4007 ಒಂದನ್ನು ತಿರುವುಮುರುವಾಗಿ ಅಡ್ಡಕ್ಕೆ ಹಾಕಲಾಯಿತು. ಮೋಟಾರ್ ತಂತಿ ಮತ್ತು ಪಲ್ಸ್ ತಂತಿ ಒಂದೇ ಟ್ರಂಕಿಂಗ್‌ನಲ್ಲಿ ಇದ್ದವು, ಬೇರ್ಪಡಿಸಲಾಯಿತು. ಇವೆರಡರಿಂದ ಇಲ್ಲಿ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೂ ಬಿಡುವಂಥವಲ್ಲ.

35 ಮಿ.ಮೀ.ನ ತುಂಡು

ಇದರಲ್ಲಿ ಮೋಟಾರಿನ ಪಾತ್ರವೇ ಇರಲಿಲ್ಲ. ಬ್ಲೇಡ್ ಇಳಿಸಿ ಏರಿಸುವುದು ಟೈಮರ್ ಲೆಕ್ಕದಲ್ಲಿತ್ತು: ಇಷ್ಟು ಮಿಲಿಸೆಕೆಂಡ್ ಆದರೆ ಬ್ಲೇಡ್ ಮೇಲೆ ಹೋಗಿದೆ ಎಂದು ನಂಬಿಕೆ. ಅದೇ ಕಂಪ್ರೆಸರಿನಿಂದ ಪಕ್ಕದ ಯಂತ್ರವೂ ಗಾಳಿ ಎಳೆದಾಗ ಒತ್ತಡ ಇಳಿದು ಸಿಲಿಂಡರ್ ನಿಧಾನವಾಗುತ್ತದೆ. ಸ್ಲೀವ್ ಹೋಗಿ ಬ್ಲೇಡಿಗೆ ಗುದ್ದಿ ಮಡಚಿಕೊಳ್ಳುತ್ತದೆ. ಸಿಲಿಂಡರಿನ ಮೇಲೆ, ಅದು ಎಲ್ಲಿದೆ ಎಂದು ತಿಳಿಸುವ ಎರಡು ರೀಡ್ ಸ್ವಿಚ್ ಕಟ್ಟಿ ಎಕ್ಸ್2, ಎಕ್ಸ್3ಕ್ಕೆ ಕೊಡಲಾಯಿತು. ಮೇಲಿನ ಸ್ವಿಚ್ ಆನ್ ಆಗದೆ ಫೀಡ್ ಹೊರಡುವುದಿಲ್ಲ, ಕೆಳಗಿನದು ಆನ್ ಆಗದೆ ಬ್ಲೇಡ್ ಹಿಂದಿರುಗುವುದಿಲ್ಲ. ಒಂದು ಸೆಕೆಂಡಿನಲ್ಲಿ ಯಾವುದೂ ಬಾರದಿದ್ದರೆ ಯಂತ್ರ ನಿಂತು ದೀಪ ಹತ್ತುತ್ತದೆ. ಕಾಯುವ ಟೈಮರ್ ಹೋದದ್ದರಿಂದ, ವೇಗ ಏರಿಳಿಕೆಗೆ ಕೊಟ್ಟ ಸಮಯದ ಒಂದು ಪಾಲು ಇಲ್ಲಿ ವಾಪಸು ಬಂತು.

ಪಲ್ಸ್ ಮುಗಿದ ಫ್ಲಾಗ್ ಎಂ1029 ಬಂದೊಡನೆ ಬ್ಲೇಡ್ ಇಳಿಸುತ್ತಿದ್ದದ್ದನ್ನೂ ಬದಲಿಸಲಾಯಿತು. ಕೊನೆಯ ಪಲ್ಸ್ ಹೋದ ಮೇಲೂ ರೋಟರ್ ಕೆಲವು ಮಿಲಿಸೆಕೆಂಡ್ ನಡುಗುತ್ತದೆ. 10 ಮಿಲಿಸೆಕೆಂಡ್ ಆಧಾರದ ಟಿ200ಕ್ಕೆ 4 ಕೊಟ್ಟು 40 ಮಿಲಿಸೆಕೆಂಡ್ ನಿಲುಗಡೆ. ಇನ್ನೊಂದು, ಡಿಡಿಆರ್‌ವಿಐ ಸೂಚನೆಯನ್ನು ಚಾಲೂ ಮಾಡುವ ಕಾಂಟ್ಯಾಕ್ಟ್ ಒಂದು ಸ್ಕ್ಯಾನ್ (ಪ್ರೋಗ್ರಾಂ ಮೊದಲಿಂದ ಕೊನೆಯವರೆಗೆ ಓಡುವ ಒಂದು ಸರದಿ) ಆದರೂ ಆಫ್ ಆಗಿ ಮತ್ತೆ ಆನ್ ಆಗಬೇಕು, ಇಲ್ಲದಿದ್ದರೆ ಮುಂದಿನ ಫೀಡ್ ಹೊರಡುವುದೇ ಇಲ್ಲ. ಫೀಡ್, ನಿಲುಗಡೆ, ಇಳಿತ, ಏರಿಕೆ, ಎಣಿಕೆ ಎಂದು ಹಂತಗಳಿಗೆ ಒಂದು ರಿಜಿಸ್ಟರಿನಲ್ಲಿ ಸಂಖ್ಯೆ ಕೊಟ್ಟು ಬರೆದರೆ ಈ ತೊಡಕು ತಾನೇ ತಪ್ಪುತ್ತದೆ.

ಜಾರುವ ಸ್ಲೀವ್, ಸುಳ್ಳು ಹೇಳುವ ವ್ಯಾಸ

ಇಷ್ಟಾದ ಮೇಲೆ ಕಾಗದದ ಬಿಲ್ಲೆ ಎಷ್ಟು ಸುತ್ತಿದರೂ ಗೆರೆಗೆ ಗೆರೆ ಕೂರುತ್ತಿತ್ತು. ತುಂಡುಗಳು ಮಾತ್ರ ಇನ್ನೂ 44.3ರಿಂದ 44.8. ಮೋಟಾರಿನವರೆಗೆ ಎಲ್ಲ ಸರಿ ಎಂದಾದ ಮೇಲೆ ಉಳಿದದ್ದು ರೋಲರ್ ಮತ್ತು ಸ್ಲೀವಿನ ನಡುವೆ.

ಹರಡಿಗೆ ಮದ್ದು ಸುರುಳಿಯ ಎಳೆತ ತಪ್ಪಿಸುವುದು. ರೋಲರಿನ ಹಿಂದೆ ಸ್ಲೀವ್ ಜೋಲಿಯಾಗಿ ಇಳಿಬೀಳುವಂತೆ 300 ಮಿ.ಮೀ.ನಷ್ಟು ಸಡಿಲ ಬಿಟ್ಟು, ಸುರುಳಿಗೆ ಒಂದು ಸಣ್ಣ ಗೇರ್ ಮೋಟಾರ್ ಕೊಟ್ಟು, ಜೋಲಿ ಮೇಲೇರಿದರೆ ಬಿಚ್ಚುವುದು, ಕೆಳಗಿಳಿದರೆ ನಿಲ್ಲಿಸುವುದು. ಇದಕ್ಕೆ ಎರಡು ಫೋಟೋ ಸೆನ್ಸರ್, ಪಿಎಲ್‌ಸಿಯಲ್ಲಿ ಎರಡು ಇನ್‌ಪುಟ್, ಒಂದು ಔಟ್‌ಪುಟ್. ನಿಮಿಷಕ್ಕೆ ಸುಮಾರು 5 ಮೀಟರ್ ಬಳಕೆಯಲ್ಲಿ ಅಷ್ಟು ಸಡಿಲ ಮೂರೂವರೆ ಸೆಕೆಂಡಿಗೆ ಸಾಕು, ಗೇರ್ ಮೋಟಾರ್ ನಿಧಾನದ್ದಾದರೂ ನಡೆಯುತ್ತದೆ. ಸ್ಪ್ರಿಂಗ್ ಬಿಗಿ ಮಾಡಿ ಜಾರುವಿಕೆ ನಿಲ್ಲಿಸಲು ಹೋದರೆ ಸ್ಲೀವ್ ಚಪ್ಪಟೆಯಾಗಿ, ಕತ್ತರಿಸಿದ ಬಾಯಿ ಮುಚ್ಚಿಕೊಳ್ಳುತ್ತದೆ. ವೈರ್ ತೂರಿಸುವವರು ಬೈಯುತ್ತಾರೆ.

ಹರಡು ನಿಂತ ಮೇಲೆ ಎಲ್ಲ ತುಂಡೂ 44.7 ಹತ್ತಿರ. ಇದು ವ್ಯಾಸದ ಮಾತು. ರಬ್ಬರ್ ಹೊದಿಕೆ ಒತ್ತಡಕ್ಕೆ ತಗ್ಗುತ್ತದೆ, ಕ್ಯಾಲಿಪರಿನಲ್ಲಿ 40 ಇದ್ದದ್ದು ಕೆಲಸದಲ್ಲಿ 40 ಇರುವುದಿಲ್ಲ. 16000 ಪಲ್ಸ್‌ಗೆ ಸ್ಲೀವ್ ಓಡಿಸಿ ಅಳೆದರೆ ಬಂದದ್ದು 1249 ಮಿ.ಮೀ., ಲೆಕ್ಕದ 1256.6 ಅಲ್ಲ. ಕೆಲಸದ ವ್ಯಾಸ 39.76. ಹೀಗಾಗಿ ಪ್ರೋಗ್ರಾಮಿನಿಂದ ವ್ಯಾಸವನ್ನೇ ತೆಗೆದು, ಅಳೆದ ಉದ್ದವನ್ನೇ ಇಡಲಾಯಿತು: ಬೇಕಾದ ಉದ್ದ ಗುಣಿಸು 16000, ಭಾಗಿಸು ಅಳೆದ ಉದ್ದ, ಎರಡೂ ಉದ್ದ 0.1 ಮಿ.ಮೀ. ಮಾನದಲ್ಲಿ. 450 ಗುಣಿಸು 16000 ಭಾಗಿಸು 12490, ಉತ್ತರ 576. ನಡುವಿನ ಗುಣಲಬ್ಧ 72 ಲಕ್ಷ, 16 ಬಿಟ್‌ನ 32767ರಲ್ಲಿ ಹಿಡಿಯದು, 32 ಬಿಟ್‌ನ ಗುಣಾಕಾರ, ಭಾಗಾಕಾರ ಸೂಚನೆಗಳಾದ ಡಿಎಂಯುಎಲ್ ಮತ್ತು ಡಿಡಿಐವಿ ಬೇಕು. ಡಿಎಂಯುಎಲ್‌ನ ಉತ್ತರ ಸತತ ನಾಲ್ಕು ರಿಜಿಸ್ಟರ್ ತಿನ್ನುತ್ತದೆ, ಅವುಗಳಲ್ಲಿ ಬೇರೇನೂ ಇಡಬಾರದು. ಭಾಗಾಕಾರದ ಮುನ್ನ ಭಾಜಕದ ಅರ್ಧ, 6245, ಕೂಡಿಸಿದರೆ ಉತ್ತರ ಹತ್ತಿರದ ಪೂರ್ಣಾಂಕಕ್ಕೆ ಬರುತ್ತದೆ. ಉಳಿದ ಚಿಲ್ಲರೆ ತುಂಡಿನಿಂದ ತುಂಡಿಗೆ ಕೂಡಿಕೊಳ್ಳುವುದಿಲ್ಲ, ಏಕೆಂದರೆ ಪ್ರತಿ ತುಂಡೂ ಹಿಂದಿನ ಕತ್ತರಿಯಿಂದ ಶುರುವಾಗುತ್ತದೆ. ಮುದ್ರಿತ ಗುರುತಿಗೆ ಕತ್ತರಿಸುವ ಕೆಲಸವಾದರೆ ಮಾತ್ರ ಆ ಶೇಷವನ್ನು ಮುಂದಿನ ತುಂಡಿಗೆ ಒಯ್ಯಬೇಕು.

12490 ಎಂಬುದು ಈ ಸ್ಲೀವಿಗೆ, ಈ ಸ್ಪ್ರಿಂಗ್ ಒತ್ತಡಕ್ಕೆ ಮಾತ್ರ. 3 ಮಿ.ಮೀ. ಸ್ಲೀವಿಗೊಂದು, 6 ಮಿ.ಮೀ.ಗೊಂದು ಎಂದು ಪ್ರತಿ ಗಾತ್ರಕ್ಕೂ ಬೇರೆ ಅಂಕಿ ಅಳೆದು, ಕರೆಂಟ್ ಹೋದರೂ ಉಳಿಯುವ ರಿಜಿಸ್ಟರುಗಳಲ್ಲಿ ಇಡಲಾಗಿದೆ. ಆಪರೇಟರ್ ಗಾತ್ರ ಆರಿಸಿದರೆ ಸಾಕು, ಉದ್ದಕ್ಕೆ ಸ್ವಂತ ಅರ್ಧ ಮಿಲಿಮೀಟರ್ ಸೇರಿಸುವ ಅಗತ್ಯವಿಲ್ಲ. ಈಗ 45ರ ತುಂಡುಗಳು 0.2 ಮಿ.ಮೀ. ಆಚೀಚೆ ಬರುತ್ತಿವೆ. ಆ 0.2ರಲ್ಲಿ ಹೆಚ್ಚಿನ ಪಾಲು ಸುರುಳಿಯಲ್ಲಿ ಬಾಗಿದ್ದ ಸ್ಲೀವ್ ಕತ್ತರಿಸಿದ ಮೇಲೆ ನೇರವಾಗುವುದರದ್ದು.

ಸರ್ವೋದ ಮಾತಿಗೆ ಬಂದರೆ, ಸರ್ವೋ ಆಗಲಿ ಎನ್‌ಕೋಡರ್ (ಎಷ್ಟು ತಿರುಗಿತೆಂದು ಅಳೆಯುವ ಸಾಧನ) ಇರುವ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ಆಗಲಿ, ಇಲ್ಲಿ ತೀರಿಸುತ್ತಿದ್ದದ್ದು ಹಲ್ಲು ಜಾರುವ ಒಂದು ದೋಷವನ್ನು ಮಾತ್ರ. ಎನ್‌ಕೋಡರ್ ನೋಡುವುದು ಮೋಟಾರಿನ ಶಾಫ್ಟನ್ನು, ರೋಲರಿನ ಕೆಳಗೆ ಜಾರುವ ಸ್ಲೀವನ್ನಲ್ಲ. ಇನ್ನೂ ನಿಖರ ಬೇಕಾದವರು ಆ ಹಣದಲ್ಲಿ ಸ್ಲೀವಿನ ಮೇಲೆಯೇ ಉರುಳುವ ಅಳತೆ ಚಕ್ರಕ್ಕೆ ಎನ್‌ಕೋಡರ್ ಕಟ್ಟಿ ಪಿಎಲ್‌ಸಿಯ ಹೈಸ್ಪೀಡ್ ಕೌಂಟರಿಗೆ ಕೊಡಬೇಕು. ಸದ್ಯಕ್ಕೆ ಈ ಯಂತ್ರಕ್ಕೆ ಅದು ಬೇಕಾಗಿಲ್ಲ. ರಬ್ಬರ್ ರೋಲರ್ ಬದಲಿಸಿದಾಗಲೆಲ್ಲ 16000 ಪಲ್ಸ್ ಓಡಿಸಿ ಮತ್ತೆ ಅಳೆಯಬೇಕೆಂದು ಪ್ಯಾನೆಲ್ ಬಾಗಿಲ ಒಳಗೆ ಚೀಟಿ ಅಂಟಿಸಿದ್ದಾರೆ.